ಬಿಟ್ಟುಬಂದ ಬೀಜದ ಫ್ಯಾಕ್ಟರಿಗೆ ಮತ್ತೆ ಹೋಗುವುದಾ? ನಾನು ತೀರ್ಮಾನ ಮಾಡಿದ್ದು ಹೀಗೆ

ಹಳೇ ಕಂಪನಿಯಿಂದ "ವಾಪಸ್ ಬರ್ತೀರಾ?" ಅಂತ ಫೋನ್ ಬಂದರೆ ಮೊದಲು ಸಂಬಳ ಎಷ್ಟು ಅಂತ ಕೇಳಬೇಡಿ. ಅಲ್ಲಿಂದ ಯಾಕೆ ಹೊರಟಿರಿ ಅನ್ನುವುದನ್ನು ಒಂದು ಕಾಗದದಲ್ಲಿ ಬರೆಯಿರಿ. ನಾನು ಮಾಡಿದ್ದು ಅದನ್ನೇ.

ನಾನು ಕಾರ್ಕಳದ ಕಡೆ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಅದನ್ನು ಬಿಟ್ಟು ಪಣಂಬೂರಿನಲ್ಲಿ, ಬಂದರಿನ ಹತ್ತಿರ, ಸರಕು ಕ್ಲಿಯರಿಂಗ್ ಆಫೀಸಿಗೆ ಸೇರಿದೆ. ಆಫ್ರಿಕಾದಿಂದ ಬರುವ ಕಚ್ಚಾ ಬೀಜದ ಕಾಗದಪತ್ರವೂ ಅಲ್ಲಿ ನನ್ನ ಕೈಯಿಂದಲೇ ಹೋಗುತ್ತಿತ್ತು. ಒಳ್ಳೆಯ ಕೆಲಸ, ಒಳ್ಳೆಯ ಜನ. ಆದರೆ ಬೀಜವನ್ನು ಮುಟ್ಟುವ ಕೆಲಸ ಅದಲ್ಲ, ಅದು ನನಗೆ ದಿನಾ ಅನ್ನಿಸುತ್ತಿತ್ತು. ಹಾಗಾಗಿ ಫೋನ್ ಬಂದಾಗ ಖುಷಿಯಾಯಿತು. ಖುಷಿಯಲ್ಲಿ ಹೂಂ ಅನ್ನಬಾರದು ಅಂತಲೇ ಒಂದು ವಾರ ಟೈಮ್ ಕೇಳಿದೆ.

ಕಾಗದದಲ್ಲಿ ಸುಮಾರು ಕಾರಣ ಬಂತು. ಸಂಬಳ ಕಮ್ಮಿ. ಪಡುಬಿದ್ರಿಯಿಂದ ಬೆಳ್ಮಣ್, ನಿಟ್ಟೆ ಮೇಲೆ ಬಸ್ಸು, ಸಂಜೆ ಲೇಟಾದರೆ ಕಷ್ಟ. ರಜೆ ಕೇಳಿದರೆ ಮುಖ ಗಂಟು. ಹೀಗೆ ಬರೆದು ಒಂದೊಂದಕ್ಕೂ ಕೇಳಿಕೊಂಡೆ, ಇದೊಂದೇ ತೊಂದರೆ ಇದ್ದಿದ್ದರೆ ನಾನು ಬಿಡುತ್ತಿದ್ದೆನಾ ಅಂತ. ಇಲ್ಲ ಅಂದದ್ದಕ್ಕೆಲ್ಲ ಗೀಟು ಹಾಕಿದೆ. ಕೊನೆಗೆ ಉಳಿದದ್ದು ಒಂದೇ: ಸರಿ ಇಲ್ಲ ಅಂತ ನಾನು ನಿಲ್ಲಿಸಿದ ಲಾಟ್, ಅಂದರೆ ಒಂದೇ ನಂಬರಿನಲ್ಲಿ ಒಟ್ಟಿಗೆ ಹೋಗುವ ಬೀಜ, ನನಗೆ ಹೇಳದೆ ಲೋಡ್ ಆಗಿ ಹೋಗುತ್ತಿತ್ತು.

ಇದು ಎಷ್ಟು ದೊಡ್ಡ ವಿಷಯ ಅಂತ ಬೀಜದ ಕೆಲಸ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಪ್ಯಾಕ್ ಮಾಡುವಾಗ ತಿರುಳಿನ ತೇವಾಂಶ ಶೇಕಡಾ 5 ಮೀರಬಾರದು. ಮೀರಿದರೆ ಡಬ್ಬದೊಳಗೆ ಬೂಷ್ಟು ಹಿಡಿಯುತ್ತದೆ. ತೀರಾ ಒಣಗಿಸಿದರೆ ಮುಟ್ಟಿದಲ್ಲೆಲ್ಲ ಒಡೆಯುತ್ತದೆ, ಡಬ್ಲ್ಯು 320 ಗ್ರೇಡ್ ಆಗಬೇಕಾದ ಇಡೀ ಬೀಜ, ಅಂದರೆ ಪೌಂಡಿಗೆ 300ರಿಂದ 320 ಬರುವಂಥದ್ದು, ತುಂಡಿನ ರೇಟಿಗೆ ಹೋಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸಿಪ್ಪೆ ತೆಗೆದ ತಿರುಳು ಟ್ರೇಯಲ್ಲಿ ಸುಮ್ನೆ ಕೂತಿದ್ದರೂ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಅಂಥಾ ಲಾಟನ್ನು ಮತ್ತೆ ಬೋರ್ಮಾಕ್ಕೆ, ಅಂದರೆ ತಿರುಳು ಒಣಗಿಸುವ ಬಿಸಿ ಗೂಡಿಗೆ, ಹಾಕಿ ಅಂತ ನಾನು ಬರೆದಿಡುವುದು, ಬೆಳಿಗ್ಗೆ ಬಂದು ನೋಡಿದರೆ ಅದು ಲಾರಿ ಹತ್ತಿ ಹೋಗಿರುವುದು. ನನ್ನ ಸಹಿಗೆ ಬೆಲೆ ಇಲ್ಲ ಅಂದ ಮೇಲೆ ನಾನು ಅಲ್ಲಿ ಯಾಕೆ ಇರಬೇಕು ಅಲ್ವಾ?

ಹೊಸ ಮ್ಯಾನೇಜರ್ ಮಾತಾಡಲು ಕರೆದರು. ಈಗ ಎಲ್ಲ ಬದಲಾಗಿದೆ ಅಂದರು. ಬದಲಾಗಿರಬಹುದು. ಆದರೆ ಕರೆಯುವವರು ಬೇರೆ ಏನು ಹೇಳುತ್ತಾರೆ? ನಾನು ತೇವಾಂಶದ ರಿಜಿಸ್ಟರ್ ತೋರಿಸಿ ಅಂದೆ. ಹಿಂದಿನ ಮಳೆಗಾಲದ್ದೇ ಬೇಕು ಅಂದೆ.

ಸುಳ್ಳು ರಿಜಿಸ್ಟರ್ ಹೇಗಿರುತ್ತದೆ ಅಂದರೆ, ಪುಟದ ತುಂಬ 4.8, 4.8, 4.9, 4.8. ಒಂದೇ ಪೆನ್ನು, ಒಂದೇ ಅಕ್ಷರ, ಒಂದೇ ಸಲ ಕೂತು ಬರೆದದ್ದು. ನನ್ನ ಮುಂದೆ ಇಟ್ಟದ್ದು ಹಾಗಿರಲಿಲ್ಲ. 5.6 ಇತ್ತು, 5.9 ಇತ್ತು, ಪಕ್ಕದಲ್ಲಿ "ಮತ್ತೆ ಬೋರ್ಮಾ" ಅಂತ ಬರೆದಿತ್ತು, ಕೆಳಗೆ ಅದೇ ಲಾಟ್ ನಂಬರ್ ಮರುದಿನದ ತಾರೀಕಿನಲ್ಲಿ 4.5 ಅಂತ. ಪುಟದ ಮೂಲೆಗೆ ಬೀಜದ ಎಣ್ಣೆಯ ಕಲೆ. ಡಿಸ್ಪ್ಯಾಚ್ ಪುಸ್ತಕವನ್ನೂ ಕೇಳಿ ತಾರೀಕು ತಾಳೆ ನೋಡಿದೆ. ಸರಿಯಾಗಿತ್ತು. ಮ್ಯಾನೇಜರ್ ಮಾತಿಗಿಂತ ಆ ಎರಡು ಪುಸ್ತಕವನ್ನು ನಾನು ಜಾಸ್ತಿ ನಂಬಿದೆ.

ಅಷ್ಟಕ್ಕೇ ಬಿಡಲಿಲ್ಲ. ಚಹಾದ ಹೊತ್ತಿಗೆ ಗ್ರೇಡಿಂಗ್ ಹೆಂಗಸರ ಹತ್ತಿರ ಹೋಗಿ ಕೂತೆ. ಎಲ್ಲ ತುಳುವಿನಲ್ಲೇ ಮಾತು. ಅವರಿಗೆ ಮ್ಯಾನೇಜರ್ ಯಾರಾದರೂ ಒಂದೇ, ಹಾಗಾಗಿ ಸುಳ್ಳು ಹೇಳುವ ಅಗತ್ಯ ಇಲ್ಲ. ಲಾಟ್ ನಿಂತರೆ ಈಗ ಯಾರಿಗೂ ಬೈಗುಳ ಇಲ್ಲ ಅಂದರು. ರಜೆಯ ಕಥೆ ಮಾತ್ರ ಹಾಗೇ ಉಂಟಂತೆ!

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯವಾಗಿತ್ತು. ನಾನು ಬಿಟ್ಟ ಮೇಲೆ ಆ ಜಾಗದಲ್ಲಿ ಒಬ್ಬಳು ಹುಡುಗಿ ಕೆಲಸ ಮಾಡುತ್ತಿದ್ದಳು, ನಾನೇ ಕಲಿಸಿದವಳು. ಆ ರಿಜಿಸ್ಟರ್ ಅಷ್ಟು ನೇರವಾಗಿ ಇದ್ದದ್ದು ಅವಳಿಂದ. ನಾನು ಬಂದರೆ ಅವಳು ಎಲ್ಲಿಗೆ? ಇದನ್ನು ಮ್ಯಾನೇಜರ್ ಹತ್ತಿರ ಕೇಳುವ ಮೊದಲು ಅವಳ ಹತ್ತಿರವೇ ಕೇಳಿದೆ. ಎರಡನೇ ಯೂನಿಟ್ ಶುರುವಾಗುತ್ತದೆ, ಅಲ್ಲಿ ಅವಳಿಗೇ ಪೂರ್ತಿ ಜವಾಬ್ದಾರಿ, ಸಂಬಳವೂ ಏರಿದೆ ಅಂದಳು. ಅವಳನ್ನು ಕೆಳಗಿಳಿಸಿ ನನ್ನನ್ನು ಕೂರಿಸುವುದಾಗಿದ್ದರೆ ಎಷ್ಟು ಕೊಟ್ಟರೂ ನಾನು ಹೋಗುತ್ತಿರಲಿಲ್ಲ.

ದುಡ್ಡಿನ ಲೆಕ್ಕ ಆಮೇಲೆ ಮಾಡಿದೆ. ಹಳೇ ಕಂಪನಿ ಅಂತ ಹಳೇ ಸರ್ವಿಸ್ ತಾನಾಗಿ ಮುಂದುವರಿಯುವುದಿಲ್ಲ, ಇದನ್ನು ಸುಮಾರು ಜನ ಗಮನಿಸುವುದಿಲ್ಲ. ಬಿಡುವಾಗ ಐದು ವರ್ಷ ದಾಟಿದ್ದರಿಂದ ನನಗೆ ಗ್ರಾಚ್ಯುಟಿ, ಅಂದರೆ ಸರ್ವಿಸ್ ನೋಡಿ ಕಂಪನಿ ಬಿಡುವಾಗ ಕೊಡುವ ಇಡಿಗಂಟು, ಸಿಕ್ಕಿತ್ತು. ಮತ್ತೆ ಸೇರಿದರೆ ಆ ಐದು ವರ್ಷದ ಎಣಿಕೆ ಸೊನ್ನೆಯಿಂದ. ಗ್ರಾಚ್ಯುಟಿ ಲೆಕ್ಕ ಆಗ ಇದ್ದದ್ದು ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ, ವರ್ಷಕ್ಕೆ 15 ದಿನದ್ದು, ತಿಂಗಳಿಗೆ 26 ದಿನ ಅಂತ ಹಿಡಿದು. ಹಾಗಾಗಿ ಬೇಸಿಕ್ ಕಮ್ಮಿ ಇಟ್ಟು ಬೇರೆ ಅಲೋವೆನ್ಸ್ ಜಾಸ್ತಿ ತೋರಿಸಿದ್ದನ್ನು ಬದಲಾಯಿಸಿ ಅಂತ ಕೇಳಿದೆ, ಸ್ವಲ್ಪ ಬದಲಾಯಿಸಿದರು. ಪಿಎಫ್ ಚಿಂತೆ ಇಲ್ಲ, ಯುಎಎನ್, ಅಂದರೆ ಪಿಎಫ್‌ನ ಖಾಯಂ ನಂಬರ್, ಅದೇ ಇರುತ್ತದೆ. ದುಡ್ಡು ತೆಗೆಯದೆ ಟ್ರಾನ್ಸ್‌ಫರ್ ಮಾಡಿಸಿ, ಪಿಂಚಣಿಗೆ ಬೇಕಾದ 10 ವರ್ಷದ ಸರ್ವಿಸ್‌ಗೆ ಹಳೆಯದೂ ಸೇರುತ್ತದೆ.

ಕೊನೆಗೆ ಒಂದೇ ಷರತ್ತು ಇಟ್ಟೆ. ಕ್ವಾಲಿಟಿ ಸಹಿ ಇಲ್ಲದೆ ಲಾಟ್ ಲೋಡ್ ಆಗಬಾರದು, ಇದು ಆಫರ್ ಲೆಟರ್‌ನಲ್ಲೇ ಬರಬೇಕು. ಬಾಯಿಮಾತು ಸಾಕಲ್ವಾ ಅಂದರು. ಸಾಲದು ಅಂದೆ. ಲೆಟರ್ ಬಂದ ಮೇಲೆಯೇ ಪಣಂಬೂರಿನಲ್ಲಿ ರಾಜೀನಾಮೆ ಕೊಟ್ಟು, ನೋಟಿಸ್ ಪೂರ್ತಿ ಮುಗಿಸಿ ಬಂದೆ.

ಮೇ ತಿಂಗಳಲ್ಲಿ ಸೇರಿದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಒಂದು ಲಾಟ್ 5.7 ತೋರಿಸಿತು, ಹೊರಗೆ ಕಂಟೇನರ್ ಬಂದು ನಿಂತಿತ್ತು. ನಾನು ಸಹಿ ಹಾಕಲಿಲ್ಲ. ಆಫೀಸಿನಿಂದ ಫೋನ್ ಬಂತು, ಎಷ್ಟು ಹೊತ್ತು ಬೇಕು ಅಂತ ಮಾತ್ರ ಕೇಳಿದರು. ನಾಳೆ ಮಧ್ಯಾಹ್ನ ಅಂದೆ. ಕಂಟೇನರ್ ಕಾಯಿತು.