ಕೆಂಪು ಬಾವುಟ ಇಲ್ಲದ ದಿನ ಹೊರಡಿ: ಟೈನಮ್ ಊರು, ವಾರ್‌ಬ್ಯಾರೋ ಬೀಚು

ಮೊದಲ ಸಲ ನಾವು ಹೋದದ್ದು ಜೂನ್ ತಿಂಗಳ ಒಂದು ಬುಧವಾರ. ಮಗಳ ಶಾಲೆಗೆ ಅವತ್ತೊಂದು ದಿನ ರಜೆ, ಬಿಸಿಲು ಬೇರೆ ಚೆನ್ನಾಗಿತ್ತು. ಬೆಳಿಗ್ಗೆ ಎದ್ದು ಚಿತ್ರಾನ್ನ ಕಲಸಿ, ಮೊಸರನ್ನದ ಡಬ್ಬಿ ಕಟ್ಟಿ, ಬಕೆಟ್ಟು, ಟವೆಲ್ಲು, ಚಾಪೆ ಎಲ್ಲ ಕಾರಿಗೆ ತುಂಬಿದೆವು. ಈಸ್ಟ್ ಲಲ್ವರ್ತ್ ದಾಟಿ ಇನ್ನೇನು ಗುಡ್ಡ ಹತ್ತಬೇಕು, ರಸ್ತೆಗೆ ಅಡ್ಡ ಗೇಟು. ಪಕ್ಕದಲ್ಲಿ ಕೆಂಪು ಬಾವುಟ, ಅಂದರೆ ಒಳಗೆ ಸೇನೆಯವರು ಗುಂಡು ಹಾರಿಸುತ್ತಿದ್ದಾರೆ. ಗುಡ್ಡದ ಆಚೆಯಿಂದ ಢಂ ಅಂತ ಒಂದು ಸದ್ದು ಬಂತು, ಕಾರಿನ ಗಾಜು ನಡುಗಿತು. ರಸ್ತೆ ಬದಿಯಲ್ಲಿ ಜಾಗ ಹುಡುಕಿ, ಚಿತ್ರಾನ್ನವನ್ನು ಕಾರಿನಲ್ಲೇ ಕೂತು ತಿಂದು ವಾಪಸ್ ಬಂದೆವು. ಮಗಳು ಬಕೆಟ್ಟನ್ನು ತೊಡೆ ಮೇಲಿಟ್ಟುಕೊಂಡು ಮನೆ ತಲುಪುವವರೆಗೂ ಮಾತಾಡಲಿಲ್ಲ.

ಇಂಗ್ಲೆಂಡಿನ ಸೌತಾಂಪ್ಟನ್, ಬೋರ್ನ್‌ಮತ್, ಪೂಲ್ ಕಡೆಗೆ ಹೊಸದಾಗಿ ಬಂದಿರುವ ನೀವು ಹಾಗೆ ಪೆಚ್ಚಾಗಿ ವಾಪಸ್ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆ ಕೆಲಸಕ್ಕೆ ಬಂದವರು, ಓದಲು ಬಂದವರು, ಐಟಿಯವರು ಎಲ್ಲರೂ ಮೊದಲು ಕೇಳುವುದು ಡರ್ಡಲ್ ಡೋರ್ ಬಗ್ಗೆ, ಸಮುದ್ರದಲ್ಲಿ ಕಮಾನಿನ ಹಾಗೆ ನಿಂತಿರುವ ಆ ಬಂಡೆ. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳನ್ನು ಕಟ್ಟಿಕೊಂಡು, ಚಾಪೆ ಹಾಸಿ, ಒಂದಿಡೀ ದಿನ ನೆಮ್ಮದಿಯಾಗಿ ಕೂರಬೇಕು ಅಂದರೆ ನನ್ನ ಓಟು ವಾರ್‌ಬ್ಯಾರೋಗೆ.

ಇದು ಇರುವುದು ಡಾರ್ಸೆಟ್‌ನಲ್ಲಿ, ಲಲ್ವರ್ತ್ ರೇಂಜಸ್ ಎನ್ನುವ ಸೇನೆಯ ಜಾಗದ ಒಳಗೆ. 7,000 ಎಕರೆಗೂ ಹೆಚ್ಚಿನ ಗುಡ್ಡ, ಹುಲ್ಲುಗಾವಲು, ಕರಾವಳಿ. ಬ್ರಿಟಿಷ್ ಸೇನೆಯ ಟ್ಯಾಂಕ್ ಸಿಬ್ಬಂದಿ ಗುಂಡು ಹೊಡೆಯಲು ಕಲಿಯುವುದು ಇಲ್ಲೇ. ಹಾಗಂತ ಪಾಸ್‌ಪೋರ್ಟ್ ಬೇಕಾ, ವೀಸಾ ತೋರಿಸಬೇಕಾ, ಮೊದಲೇ ಅನುಮತಿ ಬರೆದು ಕೇಳಬೇಕಾ ಅಂತ ಗಾಬರಿಯಾಗಬೇಡಿ. ಇದ್ಯಾವುದೂ ಬೇಡ. ಗೇಟು ತೆರೆದಿದ್ದರೆ ಸೀದಾ ಒಳಗೆ ಹೋಗಬಹುದು. ತೆರೆದಿರುತ್ತದಾ ಅನ್ನುವುದೊಂದೇ ಪ್ರಶ್ನೆ.

ಹೆಚ್ಚಿನ ಶನಿವಾರ ಭಾನುವಾರ, ಸರ್ಕಾರಿ ರಜೆಗಳಲ್ಲಿ, ಮತ್ತೆ ಆಗಸ್ಟ್ ಇಡೀ ತಿಂಗಳು ತೆರೆದಿರುತ್ತದೆ. 'ಹೆಚ್ಚಿನ' ಅನ್ನುವ ಮಾತನ್ನು ಗಮನಿಸಿ. ವರ್ಷದಲ್ಲಿ ಕೆಲವು ವಾರಾಂತ್ಯ ಸೇನೆಯವರು ತಮಗೇ ಇಟ್ಟುಕೊಳ್ಳುತ್ತಾರೆ. ಹೊರಡುವ ಹಿಂದಿನ ರಾತ್ರಿ ಸರ್ಕಾರದ ವೆಬ್‌ಸೈಟಿನಲ್ಲಿ 'ಲಲ್ವರ್ತ್ ಫೈರಿಂಗ್ ಟೈಮ್ಸ್' ಅಂತ ಹುಡುಕಿ. ಯಾವ ದಿನ ಗುಂಡು ಹಾರಿಸುತ್ತಾರೆ ಅನ್ನುವ ಪಟ್ಟಿ ಸಿಗುತ್ತದೆ. ನಾವೆಲ್ಲ ಈ ದೇಶಕ್ಕೆ ಬಂದ ಮೇಲೆ ಹವಾಮಾನ ನೋಡುವುದನ್ನು ಕಲಿತೆವು, ಅಲ್ವಾ? ಇಲ್ಲಿಗೆ ಹೋಗುವಾಗ ಮಳೆಗಿಂತ ಮೊದಲು ಈ ಪಟ್ಟಿ ನೋಡಬೇಕು. ಮಳೆಗೆ ಕೊಡೆ ಇದೆ.

ಈಸ್ಟ್ ಲಲ್ವರ್ತ್‌ನಿಂದ ಗುಡ್ಡ ಹತ್ತಿದ ಮೇಲೆ ಒಂದು ತಿರುವಿನಲ್ಲಿ ಇಡೀ ಕಣಿವೆ, ಅದರ ಕೊನೆಗೆ ಸಮುದ್ರ ಕಾಣುತ್ತದೆ. ಅಲ್ಲಿಂದ ಇಳಿದರೆ ಟೈನಮ್ ಊರು. ಕೊನೆಯ ಭಾಗದ ರಸ್ತೆ ಸಪೂರ. ಎದುರಿನಿಂದ ಕಾರು ಬಂದರೆ ಯಾರಾದರೂ ಹಿಂದೆ ಸರಿಯಲೇಬೇಕು. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ಬಂದು ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು, ಸರಿ. ಆದರೆ ಶಿರಸಿ ಘಾಟಿಯಲ್ಲಿ ಮಾಡಿದ ಹಾಗೆ ಹಾರ್ನ್ ಹೊಡೆದು ಜಾಗ ಮಾಡಿಸಿಕೊಳ್ಳುವುದು ಇಲ್ಲಿ ನಡೆಯುವುದಿಲ್ಲ. ಹಿಂದೆ ಸರಿದು, ಕೈ ಎತ್ತಿ ನಗಬೇಕು. ಕಾರು ನಿಲ್ಲಿಸಲು ಕೆಲವು ಪೌಂಡ್ ಕೊಡಬೇಕು, ಚಿಲ್ಲರೆ ಇಟ್ಟುಕೊಂಡಿರಿ. ಆಗಸ್ಟ್‌ನಲ್ಲಾದರೆ ಹನ್ನೊಂದರ ಒಳಗೆ ತಲುಪಿದರೆ ಒಳ್ಳೆಯದು.

ಕಾರಿಲ್ಲದವರಿಗೆ ಸ್ವಲ್ಪ ಕಷ್ಟ. ಲಂಡನ್ ವಾಟರ್‌ಲೂದಿಂದ ವೇಮತ್ ಕಡೆಗೆ ಹೋಗುವ ರೈಲಿನಲ್ಲಿ ವೂಲ್ ಅಥವಾ ವೇರಮ್ ಸ್ಟೇಷನ್ನಿಗೆ ಬರಬಹುದು. ಅಲ್ಲಿಂದ ಟ್ಯಾಕ್ಸಿ. ವಾಪಸ್ ಹೋಗುವ ಟ್ಯಾಕ್ಸಿಯನ್ನೂ ಆಗಲೇ ಹೇಳಿಟ್ಟುಕೊಳ್ಳಿ, ಯಾಕಂದರೆ ಕಣಿವೆಗೆ ಇಳಿದ ಮೇಲೆ ಮೊಬೈಲ್ ಸಿಗ್ನಲ್ ಇಲ್ಲ ಅಂತಲೇ ಇಟ್ಟುಕೊಳ್ಳಿ. ಇಬ್ಬರು ಮೂವರು ಸೇರಿ ಯಾರದಾದರೂ ಕಾರಿನಲ್ಲಿ ಬರುವುದೇ ಲೇಸು.

ಕಾರಿನಿಂದ ಇಳಿದ ಕೂಡಲೇ ಮಕ್ಕಳು ಸಮುದ್ರ ಎಲ್ಲಿ ಅನ್ನುತ್ತಾರೆ. ಇನ್ನೂ ಒಂದು ಮೈಲಿ ನಡೆಯಬೇಕು. ಅಗಲವಾದ ದಾರಿ, ಏರಿಳಿತ ಕಮ್ಮಿ, ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡೂ ಹೋಗಬಹುದು. ಆದರೆ ಹೊರಡುವ ಮೊದಲು ಎರಡು ಕೆಲಸ. ಒಂದು, ಶೌಚಾಲಯ ಕಾರು ನಿಲ್ಲಿಸುವ ಕಡೆ ಮಾತ್ರ ಇದೆ. ಎಲ್ಲರನ್ನೂ ಕಳಿಸಿ, ಬೇಡ ಅಂದವರನ್ನೂ ಕಳಿಸಿ. ಎರಡನೆಯದು, ಊರನ್ನು ನೋಡಿ.

ಊರು ಅಂದರೆ ಈಗ ಸೂರಿಲ್ಲದ ಕಲ್ಲಿನ ಗೋಡೆಗಳು. ಒಲೆ ಇದ್ದ ಗೂಡು ಹಾಗೇ ಇದೆ, ಕಿಟಕಿ ಇದ್ದ ಜಾಗದಲ್ಲಿ ಆಕಾಶ. 1943ರ ನವೆಂಬರ್‌ನಲ್ಲಿ ಇಲ್ಲಿನವರಿಗೆ ಒಂದು ಕಾಗದ ಬಂತು. ಯುದ್ಧದ ತರಬೇತಿಗೆ ಜಾಗ ಬೇಕು, ಡಿಸೆಂಬರ್ 19ರೊಳಗೆ ಖಾಲಿ ಮಾಡಿ ಅಂತ. ಕ್ರಿಸ್‌ಮಸ್ಸಿಗೆ ವಾರ ಇರುವಾಗ 200ಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಹೋಗುವಾಗ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು. ಯುದ್ಧ ಗೆಲ್ಲಲೆಂದು ನಮ್ಮ ಮನೆಗಳನ್ನು ಬಿಟ್ಟುಕೊಟ್ಟಿದ್ದೇವೆ, ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ವಾಪಸ್ ಬರುತ್ತೇವೆ ಅನ್ನುವುದು ಅದರ ಸಾರ. ಯುದ್ಧ ಮುಗಿಯಿತು. ಆದರೆ 1948ರಲ್ಲಿ ಸರ್ಕಾರ ಜಾಗವನ್ನು ಖಾಯಂ ತನ್ನದಾಗಿ ಮಾಡಿಕೊಂಡಿತು. ಯಾರಿಗೂ ವಾಪಸ್ ಬರಲಾಗಲಿಲ್ಲ. ಜನ ಗಲಾಟೆ ಮಾಡಿದ ಮೇಲೆ, 1975ರಿಂದ ನಮ್ಮಂಥವರು ಬಂದು ನೋಡಲಿಕ್ಕೆ ಬಿಟ್ಟರು.

ಎರಡು ವರ್ಷದ ಹಿಂದೆ ಅಮ್ಮ ಅಂಕೋಲೆಯಿಂದ ಬಂದಿದ್ದಾಗ ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ಶಾಲೆಯ ಕೋಣೆಯನ್ನು ಹಿಂದಿನ ಹಾಗೇ ಇಟ್ಟಿದ್ದಾರೆ. ಡೆಸ್ಕು, ಕೋಟು ತೂಗುಹಾಕುವ ಗೂಟ, ಗೂಟದ ಪಕ್ಕ ಮಕ್ಕಳ ಹೆಸರು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆ ಹೆಸರುಗಳನ್ನು ಒಂದೊಂದಾಗಿ ನನ್ನಿಂದ ಓದಿಸಿದಳು. ಆಮೇಲೆ ಕೇಳಿದ್ದು ಒಂದೇ: "ಇವ್ರಿಗೆ ದುಡ್ಡು ಸಿಕ್ತಾ?" ಹೆಚ್ಚಿನವರು ಬಾಡಿಗೆಯವರು, ಹಿತ್ತಲಲ್ಲಿ ಬೆಳೆದಿದ್ದ ತರಕಾರಿಯ ಬೆಲೆ ಮಾತ್ರ ಕೊಟ್ಟರಂತೆ ಅಂದೆ. ಅಮ್ಮ ನಕ್ಕುಬಿಟ್ಟಳು. "ಇಲ್ಲೂ ಹಾಂಗೇನೇ?"

ಅಮ್ಮ ಯಾಕೆ ನಕ್ಕಳು ಅನ್ನುವುದು ಕಾರವಾರದ ಕಡೆಯವರಿಗೆ ಹೇಳಬೇಕಾಗಿಲ್ಲ. ಸೀಬರ್ಡ್ ನೌಕಾನೆಲೆಗೆ ಚಿಕ್ಕಮ್ಮನ ಮನೆ, ತೆಂಗಿನ ತೋಟ ಹೋಯಿತು. ಆ ನೆಲೆ ಅರ್ಗಾದಲ್ಲಿ 2005ರಲ್ಲಿ ಐಎನ್‌ಎಸ್ ಕದಂಬ ಅನ್ನುವ ಹೆಸರಿನಲ್ಲಿ ಶುರುವಾದಾಗಲೂ ಪರಿಹಾರದ ಕಾಗದಪತ್ರ ಹಿಡಿದುಕೊಂಡು ಚಿಕ್ಕಪ್ಪ ಓಡಾಡುತ್ತಲೇ ಇದ್ದರು. ನಾನು ಚಿಕ್ಕವಳಿದ್ದಾಗ ಆಡಿದ ದಂಡೆ ಈಗ ಬೇಲಿಯ ಆಚೆ. ಟೈನಮ್‌ನವರಲ್ಲಿ ಕೆಲವರಿಗೆ ವೇರಮ್ ಹತ್ತಿರದ ಸ್ಯಾಂಡ್‌ಫರ್ಡ್‌ನಲ್ಲಿ ಮನೆ ಕೊಟ್ಟರು. ಅಲ್ಲಿ ಟೈನಮ್ ಕ್ಲೋಸ್ ಅಂತ ಒಂದು ರಸ್ತೆ ಇದೆ. ಊರು ಹೋಗಿ ರಸ್ತೆಯ ಹೆಸರಾಗಿ ಉಳಿಯಿತು.

ಅದಕ್ಕೇ ಹೇಳುವುದು, ಆ ಗೋಡೆಗಳ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯಬೇಡಿ. ಚರ್ಚಿನ ಅಂಗಳದಲ್ಲಿ ಸಮಾಧಿಗಳಿವೆ, ಅಲ್ಲಿ ಊಟ ಬಿಚ್ಚಬೇಡಿ. ಸ್ಪೀಕರ್ ಮನೆಯಲ್ಲೇ ಇರಲಿ. ನಮ್ಮವರು ಇಪ್ಪತ್ತು ಜನ ಸೇರಿದರೆ ಸ್ಪೀಕರ್ ಇಲ್ಲದೆಯೂ ಸದ್ದಿಗೆ ಕೊರತೆಯಿಲ್ಲ. ಚರ್ಚು, ಶಾಲೆ ಬೆಳಿಗ್ಗೆ ಹತ್ತರಿಂದ ಸುಮಾರು ನಾಲ್ಕರವರೆಗೆ ತೆರೆದಿರುತ್ತವೆ. ಹಾಗಾಗಿ ಊರು ಮೊದಲು, ಬೀಚು ಆಮೇಲೆ.

ನಡೆಯುವಾಗ ಹಳದಿ ಗೂಟಗಳ ನಡುವೆಯೇ ನಡೆಯಿರಿ. ಇದೊಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಆ ಗೂಟಗಳ ಆಚೆ ಹುಲ್ಲಿನಲ್ಲಿ ಸಿಡಿಯದೆ ಉಳಿದ ಗುಂಡುಗಳಿರಬಹುದು. ತುಕ್ಕು ಹಿಡಿದ ಕಬ್ಬಿಣದ ಚೂರು ಕಂಡರೆ ಮುಟ್ಟಬಾರದು, ಮಕ್ಕಳಿಗೆ ಕಾರಿನಲ್ಲೇ ಹೇಳಿಟ್ಟಿರಿ. ಪಕ್ಕದ ಆರಿಶ್ ಮೆಲ್ ಎನ್ನುವ ಪುಟ್ಟ ಬೀಚು ದೂರದಿಂದ ಬಹಳ ಚಂದ ಕಾಣುತ್ತದೆ, ಆದರೆ ಇದೇ ಕಾರಣಕ್ಕೆ ಅಲ್ಲಿಗೆ ಯಾವತ್ತೂ ಯಾರನ್ನೂ ಬಿಡುವುದಿಲ್ಲ. ಉದ್ದ ಹುಲ್ಲಿನಲ್ಲಿ ಉಣುಗು ಇರುತ್ತವೆ. ಮಲೆನಾಡಿನವರಿಗೆ ಗೊತ್ತು. ಇಲ್ಲಿನ ಉಣುಗಿನಿಂದ ಲೈಮ್ ಕಾಯಿಲೆ ಬರಬಹುದು, ರಾತ್ರಿ ಸ್ನಾನ ಮಾಡಿಸುವಾಗ ಮಕ್ಕಳ ಮೊಣಕಾಲಿನ ಹಿಂದೆ, ಕಂಕುಳಲ್ಲಿ ನೋಡಿ.

ಬೀಚು ಕಂಡ ಕೂಡಲೇ ಅಮ್ಮ ಅಂದದ್ದು "ಮಳಲೇ ಇಲ್ಲ!" ಅಂತ. ನಿಜ. ಮರಳಿಗಿಂತ ಉರುಟು ಕಲ್ಲುಗಳೇ ಜಾಸ್ತಿ. ಹವಾಯಿ ಚಪ್ಪಲಿ ಕೆಲಸಕ್ಕೆ ಬಾರದು, ನೀರಿನಲ್ಲಿ ಹಾಕುವ ಶೂ ತನ್ನಿ. ಆದರೆ ಅರ್ಧಚಂದ್ರದ ಹಾಗೆ ಬಾಗಿದ ದಂಡೆ, ಹಿಂದೆ ಕೆಂಪು, ಕಿತ್ತಳೆ, ನೇರಳೆ ಮಣ್ಣಿನ ಗೋಡೆ, ಆ ತುದಿಗೆ ಬಿಳಿ ಸುಣ್ಣದ ಬಂಡೆ. ಈ ಕರಾವಳಿಗೆ 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸುಮ್ನೆ ಸಿಕ್ಕಿಲ್ಲ. ಆ ಬಣ್ಣದ ಗೋಡೆಯ ಬುಡದಲ್ಲಿ ಮಾತ್ರ ಚಾಪೆ ಹಾಸಬೇಡಿ. ಮಣ್ಣು ಕುಸಿಯುತ್ತದೆ, ಹೇಳಿ ಕೇಳಿ ಬೀಳುವುದಿಲ್ಲ.

ನೀರು ತಿಳಿಯಾಗಿರುತ್ತದೆ, ಆದರೆ ಬೇಗ ಆಳವಾಗುತ್ತದೆ. ಆಗಸ್ಟ್‌ನಲ್ಲೂ 18 ಡಿಗ್ರಿ ಆಸುಪಾಸು. ಲೈಫ್‌ಗಾರ್ಡ್ ಇಲ್ಲ. ಅರಬ್ಬೀ ಸಮುದ್ರದಲ್ಲಿ ಈಜಿ ಬೆಳೆದ ನಮ್ಮನೆಯವರೇ ಮೊದಲ ಸಲ ಹಾರಿ ಉಸಿರು ಸಿಕ್ಕಿಕೊಂಡು ಹೊರಗೆ ಓಡಿಬಂದರು. ಮೊಣಕಾಲುದ್ದ ನೀರಿನಲ್ಲಿ ಆಡಿಸಿ, ಸಾಕು. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಬೇಕು. ದಂಡೆಯಲ್ಲಿ ಸಿಗ್ನಲ್ ಸಿಗದಿದ್ದರೆ ಒಬ್ಬರು ಎತ್ತರದ ಕಡೆಗೆ ಓಡಬೇಕಾಗುತ್ತದೆ.

ಊಟದ ವಿಷಯ. ಅಂಗಡಿ, ಹೋಟೆಲು ಏನೂ ಇಲ್ಲ, ಕುಡಿಯುವ ನೀರನ್ನೂ ಮನೆಯಿಂದಲೇ ತನ್ನಿ. ಬೆಂಕಿ ಹಚ್ಚುವ ಹಾಗಿಲ್ಲ, ಆದ್ದರಿಂದ ಬಾರ್ಬೆಕ್ಯೂ ಆಸೆ ಬಿಡಿ. ಪುಳಿಯೋಗರೆ, ಚಪಾತಿ ಪಲ್ಯ, ಮೊಸರನ್ನ, ನೆಂಚಿಕೊಳ್ಳಲು ಉಪ್ಪಿನಕಾಯಿ. ಕೋಸಂಬರಿಗೆ ಉಪ್ಪನ್ನು ಅಲ್ಲೇ ಹಾಕಿ, ಇಲ್ಲದಿದ್ದರೆ ನೀರು ಬಿಡುತ್ತದೆ. ಮಂಡಕ್ಕಿ ತಂದು ಅಲ್ಲೇ ಕಲಸೋಣ ಅಂತ ಒಮ್ಮೆ ಹೋಗಿದ್ದೆವು, ಗಾಳಿಗೆ ಅರ್ಧ ಮಂಡಕ್ಕಿ ಫ್ರಾನ್ಸ್ ಕಡೆಗೆ ಹಾರಿತು. ಪೇಪರ್ ತಟ್ಟೆಯೂ ಅಷ್ಟೇ, ಸ್ಟೀಲ್ ತಟ್ಟೆ ತನ್ನಿ. ಫ್ಲಾಸ್ಕಿನಲ್ಲಿ ಚಹಾ ಮರೆಯಬೇಡಿ. ಕಸ ಪೂರ್ತಿ ವಾಪಸ್ ಮನೆಗೆ, ಕಿತ್ತಳೆ ಸಿಪ್ಪೆ ಕೂಡ.

ಕತ್ತಲಾಗುವ ಮೊದಲು ಕಾರು ಹೊರಗಿರಬೇಕು. ವಾಪಸ್ ನಡೆಯುವಾಗ ಸುಸ್ತಾದ ಮಕ್ಕಳಿಗೆ ಒಂದು ಮೈಲಿ ಎರಡಾಗುತ್ತದೆ, ಆ ಲೆಕ್ಕ ಇಟ್ಟುಕೊಂಡು ಏಳಿ.

ಪಟ್ಟಿ ನೋಡಿ ಬಂದರೂ ಬಾವುಟ ಹಾರುತ್ತಿದ್ದರೆ ಜಗಳ ಬೇಡ, ತಿರುಗಿಸಿ ಲಲ್ವರ್ತ್ ಕೋವ್ ಎನ್ನುವ ಪುಟ್ಟ ಕೊಲ್ಲಿಯ ಕಡೆ ಹೋಗಿ. ಮಳೆ ಬಂದರೆ ಬೋವಿಂಗ್ಟನ್‌ನಲ್ಲಿ ಟ್ಯಾಂಕ್ ಮ್ಯೂಸಿಯಂ ಇದೆ. ಕೋವ್‌ನಲ್ಲಿ ಐಸ್‌ಕ್ರೀಂ ಸಿಗುತ್ತದೆ, ಜನ ಜಾಸ್ತಿ, ಪಾರ್ಕಿಂಗ್ ದುಬಾರಿ. ಗುಡ್ಡದ ಆಚೆಯ ಢಂ ಢಂ ಅಲ್ಲಿಗೂ ಕೇಳುತ್ತದೆ. ಮಗಳು ಈಗ ಅದನ್ನು ಕೇಳಿದರೆ ತಲೆ ಎತ್ತದೆ ಕಲ್ಲು ಜೋಡಿಸುತ್ತಲೇ "ಇವತ್ತು ಅವರ ಸರದಿ" ಅನ್ನುತ್ತಾಳೆ.