ಬಯಾಸ್ ಅಪ್‌ಡೇಟ್‌ಗೆ ಮುಂಚೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ
ವಿಂಡೋಸ್ ಲ್ಯಾಪ್‌ಟಾಪ್‌ನ ಬಯಾಸ್ (ಲ್ಯಾಪ್‌ಟಾಪನ್ನು ಶುರು ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡುವ ಮುಂಚೆ ಕಂಟ್ರೋಲ್ ಪ್ಯಾನಲ್‌ನ ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ) ಪುಟಕ್ಕೆ ಹೋಗಿ ಸಿ ಡ್ರೈವ್‌ನ ಎದುರಿಗಿರುವ ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿ. ‘ಟರ್ನ್ ಆಫ್’ ಬೇಡವೇ ಬೇಡ, ಅದು ಇಡೀ ಡಿಸ್ಕನ್ನೇ ಡೀಕ್ರಿಪ್ಟ್ ಮಾಡಲು ಕೂರುತ್ತದೆ. ಬಯಾಸ್ ಬದಲಾದರೆ ಬೂಟ್ ಆಗುವಾಗಿನ ಅಳತೆಗಳು ಹಿಂದಿನವಕ್ಕೆ ತಾಳೆಯಾಗದೆ, ಡಿಸ್ಕ್ ತೆರೆಯುವ ಕೀಯನ್ನು ಕಾಯುವ ಟಿಪಿಎಂ ಚಿಪ್ ಅದನ್ನು ಬಿಟ್ಟುಕೊಡುವುದಿಲ್ಲ. ಆಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸಸ್ಪೆಂಡ್ ಆಗಿದ್ದರೆ ಆ ತಾಳೆಯೇ ನಡೆಯುವುದಿಲ್ಲ. ಆದರೆ ಅಷ್ಟು ಹೊತ್ತು ಬೀಗದ ಕೈ ಬೀಗದಲ್ಲೇ ಇದ್ದಂತೆ, ಲ್ಯಾಪ್‌ಟಾಪ್ ಬಿಟ್ಟು ಕದಲಬೇಡಿ. ಒಮ್ಮೆ ರೀಸ್ಟಾರ್ಟ್ ಆದರೆ ರಕ್ಷಣೆ ತಾನಾಗಿ ಮರಳುತ್ತದೆ, ಹಾಗಾಗಿ ಎರಡು ಮೂರು ಸಲ ರೀಸ್ಟಾರ್ಟ್ ಆಗುವ ಅಪ್‌ಡೇಟ್‌ನಲ್ಲಿ ಈ ಉಪಾಯ ಕೈಕೊಡಬಹುದು. ವಿಂಡೋಸ್ ಹೋಮ್ ಆವೃತ್ತಿಯ ಸೆಟ್ಟಿಂಗ್ಸ್‌ನಲ್ಲಿ ಈ ಸಸ್ಪೆಂಡ್ ಬಟನ್ನೇ ಇಲ್ಲ. ದಯವಿಟ್ಟು ರಿಕವರಿ ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ, ಪಕ್ಕದಲ್ಲೇ ಕೀ ಐಡಿಯ (ಅದು ಯಾವ ಕೀ ಎಂದು ಗುರುತಿಸುವ ಸಂಕೇತ) ಮೊದಲ 8 ಅಕ್ಷರಗಳನ್ನೂ. ನೀಲಿ ಪರದೆಯಲ್ಲಿ ಕಾಣುವ ಐಡಿಗೆ ಅದನ್ನೇ ಹೋಲಿಸಬೇಕು.