ವೋ-ಲ-ವಿಕೋಂತ್: ಮೊದಲು ತೋಟ, ಆಮೇಲೆ ಮನೆ

ಪ್ಯಾರಿಸ್‌ಗೆ ಹೋದವರೆಲ್ಲ ವರ್ಸೈ ಅರಮನೆಗೆ ಓಡುತ್ತಾರೆ. ಬೇಡ ಅನ್ನೋಲ್ಲ. ಆದರೆ ಕೈಯಲ್ಲಿ ಒಂದೇ ದಿನ ಇದ್ದರೆ, ಜನಜಂಗುಳಿ ಬೇಡ ಅನಿಸಿದರೆ, ಆಗ್ನೇಯಕ್ಕೆ ಸುಮಾರು 55 ಕಿ.ಮೀ. ದೂರದ ವೋ-ಲ-ವಿಕೋಂತ್‌ಗೆ ಹೋಗಿ. ಅರಮನೆಯಂಥ ಮನೆ, ಜೊತೆಗೆ ದೊಡ್ಡ ತೋಟ. ಇದು ಇವತ್ತಿಗೂ ಒಂದು ಕುಟುಂಬದ ಸ್ವಂತ ಆಸ್ತಿ.

ಮೊದಲು ಒಂಚೂರು ಕಥೆ. ಅದಿಲ್ಲದೆ ಹೋದರೆ ಇದು ಬರೀ ದೊಡ್ಡ ಮನೆ. ಫ್ರಾನ್ಸಿನ ರಾಜ 14ನೇ ಲೂಯಿಯ ಹಣಕಾಸು ನೋಡಿಕೊಳ್ಳುತ್ತಿದ್ದ ನಿಕೊಲಾ ಫುಕೆ ಮೂರು ಹಳ್ಳಿಗಳನ್ನು ಎಬ್ಬಿಸಿ ಇದನ್ನು ಕಟ್ಟಿಸಿದ. ಕಟ್ಟಡಕ್ಕೆ ಲೂಯಿ ಲೆ ವೋ, ಚಿತ್ರಗಳಿಗೆ ಶಾರ್ಲ್ ಲೆ ಬ್ರನ್, ತೋಟಕ್ಕೆ ಆಂದ್ರೆ ಲೆ ನೋತ್ರ್. 1661ರ ಆಗಸ್ಟ್ 17ರಂದು ರಾಜನನ್ನು ಕರೆದು ಔತಣ ಕೊಟ್ಟ. ಮೋಲಿಯೇರನ ಹೊಸ ನಾಟಕ, ಬಾಣಬಿರುಸು ಎಲ್ಲ ಇತ್ತು. ಸೆಪ್ಟೆಂಬರ್ 5ಕ್ಕೆ ಫುಕೆ ಬಂಧನದಲ್ಲಿದ್ದ. ಔತಣ ನೋಡಿ ರಾಜನಿಗೆ ಹೊಟ್ಟೆಕಿಚ್ಚು ಬಂತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಇವನನ್ನು ಹಿಡಿಸುವ ತೀರ್ಮಾನ ಅದಕ್ಕೂ ಮುಂಚೆಯೇ ಆಗಿತ್ತು. ಫುಕೆ 1680ರಲ್ಲಿ ಸೆರೆಯಲ್ಲೇ ಸತ್ತ. ರಾಜ ಇಲ್ಲಿನ ಕಿತ್ತಳೆ ಗಿಡಗಳನ್ನೂ ಬಿಡಲಿಲ್ಲ. ಲೆ ವೋ, ಲೆ ಬ್ರನ್, ಲೆ ನೋತ್ರ್ ಮೂವರನ್ನೂ ವರ್ಸೈ ಕೆಲಸಕ್ಕೆ ಹಚ್ಚಿದ.

ಹೋಗೋದು ಸುಲಭ. ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ಮೆಲಾನ್‌ಗೆ ರೈಲು, ಹೆಚ್ಚುಕಮ್ಮಿ ಅರ್ಧ ಗಂಟೆ. ಅಲ್ಲಿಂದ ಟ್ಯಾಕ್ಸಿ. ಬಸ್ಸು ಸಿಗುತ್ತೆ ಅಂತ ನಂಬಿಕೊಂಡು ಹೊರಡಬೇಡಿ. ವಾಪಸ್ ಬರೋದು ಹೇಗೆ ಅಂತ ಮೊದಲೇ ಗೊತ್ತು ಮಾಡಿಕೊಂಡಿರಿ. ಚಳಿಗಾಲದಲ್ಲಿ ಕ್ರಿಸ್‌ಮಸ್ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಮುಚ್ಚಿರುತ್ತೆ. ದಿನ ನೋಡಿಕೊಂಡು ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ.

ಒಳಗೆ ಹೋದವರು ನೇರ ಮನೆಗೆ ನುಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ನೆಲ ನೋಡಿದರೆ ಏರೆಷ್ಟು, ಇಳಿಜಾರೆಷ್ಟು ಅಂತ ಕಣ್ಣು ತಾನೇ ಲೆಕ್ಕ ಹಾಕುತ್ತೆ. ಇಲ್ಲಿ ಆ ಕಣ್ಣಿಗೂ ಲೆ ನೋತ್ರ್ ಮಣ್ಣೆರಚಿದ್ದಾನೆ! ಮನೆಯ ಹಿಂದಿನ ಮೆಟ್ಟಿಲ ಮೇಲೆ ನಿಂತು ನೋಡಿ. ತೋಟ ಚಿಕ್ಕದು, ಸಮತಟ್ಟು ಅನಿಸುತ್ತೆ. ಒಂದು ಚೌಕದ ಕೊಳ, ಅದರ ಬೆನ್ನಿಗೇ ಗುಹೆಗಳ ಗೋಡೆ, ಮೇಲೆ ಹುಲ್ಲಿನ ದಿಬ್ಬ, ತುದಿಯಲ್ಲಿ ಚಿನ್ನದ ಬಣ್ಣದ ಹರ್ಕ್ಯುಲಿಸ್ ಮೂರ್ತಿ. ಹತ್ತು ನಿಮಿಷದ ದಾರಿ ಅನ್ನಿಸುತ್ತೆ, ಅಲ್ವಾ?

ಈಗ ನಡೆಯಿರಿ. ಚೌಕದ ಕೊಳ ಹತ್ತಿರ ಬಂದಷ್ಟೂ ದೊಡ್ಡದಾಗುತ್ತೆ. ದೂರ ಇರುವುದನ್ನು ಬೇಕಂತಲೇ ದೊಡ್ಡದು ಮಾಡಿದ್ದಾನೆ, ಮನೆಯಿಂದ ನೋಡಿದಾಗ ಹತ್ತಿರ ಕಾಣಲಿ ಅಂತ. ಕೊಳದ ಆ ಕಡೆ ಹೋದರೆ ನೆಲವೇ ಕೆಳಗೆ ಇಳಿಯುತ್ತೆ. ಅಲ್ಲೊಂದು ಕಾಲುವೆ, ಸುಮಾರು 900 ಮೀಟರ್ ಉದ್ದ. ಇಷ್ಟು ಹೊತ್ತು ಅದರ ಸುಳಿವೇ ಇರಲಿಲ್ಲ! ಕೊಳಕ್ಕೆ ಅಂಟಿಕೊಂಡಂತೆ ಕಂಡ ಗುಹೆಗಳು ಕಾಲುವೆಯ ಆಚೆ ದಡದಲ್ಲಿವೆ. ನೇರ ದಾಟಲು ಸೇತುವೆ ಇಲ್ಲ, ಸುತ್ತಿಕೊಂಡೇ ಹೋಗಬೇಕು. ತುಂಬಾ ಜನ ಇಲ್ಲೇ ವಾಪಸ್ ತಿರುಗುತ್ತಾರೆ. ನೀವು ಹರ್ಕ್ಯುಲಿಸ್‌ವರೆಗೂ ಹೋಗಿ. ಆ ಮೂರ್ತಿ ಫುಕೆಯ ಯೋಜನೆಯಲ್ಲಿತ್ತು, ಆದರೆ ಬಂದು ನಿಂತದ್ದು 19ನೇ ಶತಮಾನದಲ್ಲಿ. ಅಲ್ಲಿಂದ ಹಿಂದಿರುಗಿ ನೋಡಿದರೆ ಇಡೀ ನಕ್ಷೆ ಬಿಚ್ಚಿಟ್ಟ ಹಾಗೆ. ತೋಟ ಮನೆಯ ದಕ್ಷಿಣಕ್ಕಿದೆ. ಹಾಗಾಗಿ ಮಧ್ಯಾಹ್ನ ಬಿಸಿಲು ಮನೆಯ ಮುಖಕ್ಕೇ ಬೀಳುತ್ತೆ, ಫೋಟೊಗೆ ಒಳ್ಳೇದು.

ಹೋಗಿ ಬರಲು ಎರಡು ಗಂಟೆ ಇಟ್ಟುಕೊಳ್ಳಿ. ನಡುದಾರಿಯಲ್ಲಿ ನೆರಳಿಲ್ಲ, ಟೋಪಿ ಮತ್ತು ನೀರು ಬೇಕೇ ಬೇಕು. ಜಲ್ಲಿ ದಾರಿ, ಗಟ್ಟಿ ಶೂ ಹಾಕಿಕೊಳ್ಳಿ. ನನ್ನ ಹೆಂಡತಿಗೆ ಮಂಡಿನೋವು. ಅವಳು ಬಾಡಿಗೆಗೆ ಸಿಗುವ ಬ್ಯಾಟರಿ ಗಾಡಿಯಲ್ಲಿ ನನಗಿಂತ ಮೊದಲೇ ಕಾಲುವೆ ತಲುಪಿ, "ಏನ್ರೀ, ಅಳತೆ ಮುಗೀತಾ?" ಅಂತ ಕೇಳಿದಳು. ಕಾರಂಜಿಗಳು ಸೀಸನ್‌ನಲ್ಲೂ ಕೆಲವೇ ಶನಿವಾರ ಚಿಮ್ಮುತ್ತವೆ, ಅದನ್ನೂ ವಿಚಾರಿಸಿ.

ಮನೆಯೊಳಗೆ ಎಲ್ಲ ಕೋಣೆಯೂ ಒಂದೇ ಗಮನ ಕೇಳೋಲ್ಲ. ಅಂಡಾಕಾರದ ದೊಡ್ಡ ಸಭಾಂಗಣದಲ್ಲಿ ಮಾತ್ರ ತಲೆಯೆತ್ತಿ ನೋಡಿ. ಲೆ ಬ್ರನ್ ಗುಮ್ಮಟದಲ್ಲಿ ಬರೆಯಬೇಕಿದ್ದ ಚಿತ್ರ ಫುಕೆಯ ಬಂಧನದಿಂದ ಹಾಗೇ ನಿಂತುಹೋಯಿತು. ಅಲಂಕಾರಗಳಲ್ಲಿ ಅಳಿಲು ಹುಡುಕಿ, ಅದು ಫುಕೆಯ ಮನೆತನದ ಗುರುತು. ಮಕ್ಕಳಿದ್ದರೆ ಈ ಆಟದಲ್ಲೇ ಹೊತ್ತು ಹೋಗುತ್ತೆ. ಗುಮ್ಮಟದ ತುದಿಗೆ ಹತ್ತಲು ಬಿಟ್ಟರೆ ಹತ್ತಿ, ಮೆಟ್ಟಿಲು ಇಕ್ಕಟ್ಟು. ಕುದುರೆ ಲಾಯದಲ್ಲಿ ಹಳೆಯ ಸಾರೋಟುಗಳಿವೆ, ಹೊರಡುವಾಗ ಕಣ್ಣಾಡಿಸಿದರೆ ಸಾಕು.

ಬೇಸಿಗೆಯ ಶನಿವಾರ ಸಂಜೆ ಸುಮಾರು 2000 ಮೇಣದಬತ್ತಿ ಹಚ್ಚುತ್ತಾರೆ. ಚೆಂದವೇನೋ ಹೌದು, ಆದರೆ ಬೇಸಿಗೆಯಲ್ಲಿ ಅಲ್ಲಿ ಕತ್ತಲಾಗುವುದು ತುಂಬಾ ತಡವಾಗಿ. ಆ ಸಂಜೆಗೆ ಹೋಗುವುದಾದರೆ ಮಧ್ಯಾಹ್ನವೇ ಹೋಗಿ, ಬೆಳಕಿರುವಾಗ ಹರ್ಕ್ಯುಲಿಸ್ ಮುಗಿಸಿ. ಮೆಲಾನ್‌ನಿಂದ ಕೊನೆಯ ರೈಲು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ, ಸ್ಟೇಷನ್‌ಗೆ ಟ್ಯಾಕ್ಸಿಯನ್ನು ಹಗಲಲ್ಲೇ ಹೇಳಿಡಿ.